ಬಲಿ ಎಂದರೆ ನೋವೇ? ಯಾಜಕಕಾಂಡದಲ್ಲಿ ನಿಂತುಹೋದ ಓದುಗರಿಗೆ

ಪ್ರಶ್ನೆ: ಈ ವರ್ಷ ಬೈಬಲನ್ನು ಮೊದಲ ಪುಟದಿಂದ ಓದಲು ತೊಡಗಿದೆ. ಆದಿಕಾಂಡ, ವಿಮೋಚನಕಾಂಡ ಸರಾಗವಾಗಿ ಸಾಗಿದವು. ಯಾಜಕಕಾಂಡಕ್ಕೆ ಬಂದು ನಿಂತುಬಿಟ್ಟೆ. ರಕ್ತ, ಕೊಬ್ಬು, ಮೂತ್ರಪಿಂಡ, ಬೂದಿ. ಯೇಸು ಶಿಲುಬೆಯ ಮೇಲೆ ಎಲ್ಲವನ್ನೂ ಮುಗಿಸಿದ್ದಾನೆ, ಅದನ್ನು ಬಿಟ್ಟು ಮುಂದೆ ಹೋಗಿ ಎನ್ನುತ್ತಾರೆ ನಮ್ಮ ಸಭೆಯ ಹಿರಿಯರು. ಅದೇ ಹಿರಿಯರು ಪ್ರಾರ್ಥನಾ ಕೂಟದಲ್ಲಿ ಬಲಿಯ ಮಾತನ್ನು ಬಿಡುವುದಿಲ್ಲ. ನೋವಾಗುವಷ್ಟು ಕೊಟ್ಟರೆ ಅದು ಬಲಿ, ಸಂಸಾರದಲ್ಲಿ ಬಂದದ್ದನ್ನು ಬಾಯಿಮುಚ್ಚಿ ತಾಳಿಕೊಂಡರೆ ಅದು ಬಲಿ, ಕೊಟ್ಟದ್ದು ನೂರ್ಮಡಿಯಾಗಿ ಮರಳುತ್ತದೆ ಎನ್ನುತ್ತಾರೆ. ಹಳೆಯ ಇಸ್ರಾಯೇಲರ ಬಲಿಗಳಿಗೂ ನನ್ನ ಪ್ರಾರ್ಥನಾ ಜೀವನಕ್ಕೂ ನಿಜವಾಗಿ ಏನಾದರೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಸಹೋದರಿ. ಆದರೆ ನಿಮ್ಮ ಹಿರಿಯರು ಹೇಳುವ ಸಂಬಂಧ ಅದಲ್ಲ. ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳನ್ನು ಎಷ್ಟು ತಿರುವಿಹಾಕಿದರೂ ಕೊಡುವವನಿಗೆ ಎಷ್ಟು ನೋವಾಗಬೇಕು ಎಂಬ ನಿಯಮ ಒಂದೂ ಸಿಗುವುದಿಲ್ಲ. ಯಾವ ಪಶು ಆಗಬಹುದು, ಹಿಟ್ಟಿಗೆ ಎಣ್ಣೆ ಸೇರಿಸಬೇಕೇ, ಉಪ್ಪು ಬೇಕೇ, ಜೇನು ಸಲ್ಲುತ್ತದೆಯೇ, ಮಾಂಸವನ್ನು ಯಾರು ಎಲ್ಲಿ ಎಷ್ಟು ಹೊತ್ತಿನೊಳಗೆ ತಿನ್ನಬೇಕು, ಇವಕ್ಕೆಲ್ಲ ಅಲ್ಲಿ ಕರಾರುವಾಕ್ಕಾದ ಉತ್ತರವಿದೆ. ನೋವಿನ ಲೆಕ್ಕ ಮಾತ್ರ ಇಲ್ಲ.

ಏಕೆ ಇಲ್ಲ ಎಂಬುದು ನೀವು ಈಗಷ್ಟೇ ಮುಗಿಸಿದ ಪುಸ್ತಕದ ಕೊನೆಯ ವಚನಗಳಲ್ಲಿದೆ. ಇಸ್ರಾಯೇಲರು ಅರಣ್ಯದಲ್ಲಿ ಆರಾಧನೆಗಾಗಿ ಎತ್ತಿದ ಡೇರೆ, ಅಂದರೆ ದೇವದರ್ಶನದ ಗುಡಾರ, ಎದ್ದು ನಿಂತಿದೆ, ದೇವರ ಮಹಿಮೆ ಅದನ್ನು ತುಂಬಿದೆ, ಆದರೆ ಮೋಶೆಗೂ ಒಳಗೆ ಹೋಗಲು ಆಗುತ್ತಿಲ್ಲ. ಯಾಜಕಕಾಂಡ ಆರಂಭವಾಗುವುದು ದೇವರು ಗುಡಾರದೊಳಗಿಂದ, ಹೊರಗೆ ನಿಂತ ಮೋಶೆಯನ್ನು ಕರೆಯುವುದರೊಂದಿಗೆ. ಮುಂದಿನ ಪುಸ್ತಕವಾದ ಅರಣ್ಯಕಾಂಡದ ಮೊದಲ ವಚನಕ್ಕೆ ಬಂದರೆ ದೇವರು ಅದೇ ಗುಡಾರದ ಒಳಗೇ ಮೋಶೆಯ ಜೊತೆ ಮಾತನಾಡುತ್ತಿದ್ದಾನೆ. ಹೊರಗೆ ನಿಂತವನು ಒಳಗೆ ಬಂದದ್ದು ಹೇಗೆ? ನೀವು ಬಿಟ್ಟುಬಿಡಬೇಕೆಂದಿರುವ ಪುಸ್ತಕದ ವಿಷಯವೇ ಅದು. ಪವಿತ್ರನಾದ ದೇವರು ಜನರ ನಡುವೆ ವಾಸಿಸಲು ತಾನಾಗಿ ಬಂದಿದ್ದಾನೆ. ತಪ್ಪುಗಳನ್ನು ಮಾಡುತ್ತಲೇ ಇರುವ ಆ ಜನ ಆತನ ಹತ್ತಿರ ಬಾಳುವುದು ಹೇಗೆ ಎಂಬುದನ್ನು ಬಲಿಗಳ ವ್ಯವಸ್ಥೆ ಹೇಳಿಕೊಡುತ್ತದೆ.

ಅಲ್ಲಿ ಐದು ಬಗೆಯ ಅರ್ಪಣೆಗಳಿವೆ. ಸರ್ವಾಂಗಹೋಮದಲ್ಲಿ ಚರ್ಮವೊಂದನ್ನು ಬಿಟ್ಟು ಇಡೀ ಪಶು ಯಜ್ಞವೇದಿಯ ಮೇಲೆ ಉರಿದುಹೋಗುತ್ತದೆ, ಚರ್ಮ ಯಾಜಕನಿಗೆ. ಧಾನ್ಯನೈವೇದ್ಯದಲ್ಲಿ ಒಂದು ಹಿಡಿ ಬೆಂಕಿಗೆ, ಉಳಿದದ್ದು ಯಾಜಕರ ಊಟಕ್ಕೆ. ಸಮಾಧಾನಯಜ್ಞದಲ್ಲಿ ಕೊಬ್ಬು ದೇವರಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಮಿಕ್ಕ ಮಾಂಸವೆಲ್ಲ ತಂದವನ ಮನೆಯವರಿಗೆ. ಇನ್ನು ದೋಷಪರಿಹಾರಕ ಯಜ್ಞ ಮತ್ತು ಪ್ರಾಯಶ್ಚಿತ್ತ ಯಜ್ಞ. ಐದರಲ್ಲಿ ತಪ್ಪಿನ ಪರಿಹಾರಕ್ಕಾಗಿಯೇ ಇರುವುದು ಕೊನೆಯ ಎರಡು ಮಾತ್ರ. ಬಲಿಯೆಂದರೆ ಪಾಪದ ಮಾತು ಎಂದು ಮೊದಲೇ ಗಟ್ಟಿಮಾಡಿಕೊಂಡವರಿಗೆ ಉಳಿದ ಮೂರು ಕಣ್ಣಿಗೇ ಬೀಳುವುದಿಲ್ಲ.

ಸುತ್ತಲಿನ ನಾಡುಗಳಲ್ಲೂ ಬಲಿಗಳಿದ್ದವು. ಮೆಸೊಪೊಟೇಮಿಯಾದ ಪ್ರಳಯದ ಕಥೆಯಲ್ಲಿ ನೀರಿಳಿದ ಮೇಲೆ ಯಜ್ಞ ನಡೆದಾಗ, ಹಸಿದಿದ್ದ ದೇವತೆಗಳು ವಾಸನೆ ಹಿಡಿದು ನೊಣಗಳಂತೆ ಮುತ್ತುತ್ತಾರೆ. ಐವತ್ತನೆಯ ಕೀರ್ತನೆ ಈ ಕಲ್ಪನೆಯನ್ನು ಗೇಲಿ ಮಾಡುತ್ತದೆ. ನನಗೆ ಹಸಿವಾದರೆ ನಿನಗೆ ಹೇಳುತ್ತೇನೆಯೇ, ಲೋಕವೆಲ್ಲ ನನ್ನದೇ ತಾನೇ ಎಂದು ದೇವರು ಕೇಳುತ್ತಾನೆ. ಯಾಜಕಕಾಂಡ 17:11 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರಾಣಿಯ ಜೀವ ರಕ್ತದಲ್ಲಿದೆ, ನಿಮ್ಮ ದೋಷಪರಿಹಾರಕ್ಕಾಗಿ ಯಜ್ಞವೇದಿಯ ಮೇಲೆ ಅದನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಎಂಬುದು ಆ ವಚನದ ಸಾರ. ಅಂದರೆ ಮನುಷ್ಯನು ದೇವರನ್ನು ಒಲಿಸಿಕೊಳ್ಳಲು ಹುಡುಕಿದ ಉಪಾಯವಲ್ಲ ಅದು, ದೇವರೇ ಮೊದಲು ಕೊಟ್ಟ ದಾರಿ. ಕ್ರೈಸ್ತರು ಶಿಲುಬೆಯನ್ನು ಬಲಿಯೆಂದು ಕರೆಯುವಾಗ ಈ ದಿಕ್ಕನ್ನು ತಪ್ಪಿಸಬಾರದು. ಕೋಪಗೊಂಡ ತಂದೆಯನ್ನು ಮಗ ಸಮಾಧಾನಪಡಿಸಿದ ಎಂಬ ಚಿತ್ರ ಪ್ರಸಂಗಗಳಲ್ಲಿ ಬಹಳ ಓಡಾಡುತ್ತದೆ. ಆದರೆ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡವನು ದೇವರೇ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆಯುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನೋವೇ ಬಲಿ ಎಂಬ ಮಾತಿನ ಬೇರು ಇರುವುದು ಇಲ್ಲಿ. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಇಷ್ಟು: ನನ್ನ ಪಾಪ ಪಶುವಿನ ಮೇಲೆ ಹೋಗುತ್ತದೆ, ನನಗೆ ಬೀಳಬೇಕಾದ ಶಿಕ್ಷೆ ಅದಕ್ಕೆ ಬೀಳುತ್ತದೆ, ಅದು ಸಾಯುತ್ತದೆ. ಯಾಜಕಕಾಂಡವನ್ನು ಸಾವಧಾನವಾಗಿ ಓದಿದರೆ ಈ ಚಿತ್ರ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಮೊದಲನೆಯದಾಗಿ, ಸಾಮಾನ್ಯ ಮನುಷ್ಯನ ದೋಷಪರಿಹಾರಕ ಪಶುವಿನ ಮಾಂಸ ಮಹಾಪರಿಶುದ್ಧವೆಂದೂ ಅದನ್ನು ಯಾಜಕರು ಪವಿತ್ರಸ್ಥಳದಲ್ಲಿಯೇ ತಿನ್ನಬೇಕೆಂದೂ ಆರನೆಯ ಅಧ್ಯಾಯ ಹೇಳುತ್ತದೆ. ಪಾಪವನ್ನು ಹೊತ್ತು ಶಿಕ್ಷೆ ಅನುಭವಿಸಿದ ದೇಹವಾಗಿದ್ದರೆ ಅದು ಮಹಾಪರಿಶುದ್ಧವಾಗುವುದು ಹೇಗೆ? ಎರಡನೆಯದು ಹದಿನಾರನೆಯ ಅಧ್ಯಾಯ. ವರ್ಷಕ್ಕೊಮ್ಮೆ, ಏಳನೆಯ ತಿಂಗಳ ಹತ್ತನೆಯ ದಿನ, ಮಹಾಯಾಜಕನು ಎರಡು ಹೋತಗಳನ್ನು ನಿಲ್ಲಿಸಿ ಚೀಟು ಹಾಕುತ್ತಾನೆ. ಒಂದನ್ನು ಕೊಯ್ದು ಅದರ ರಕ್ತವನ್ನು ಗುಡಾರದ ಪರದೆಯ ಒಳಗೆ ಒಯ್ದು, ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನಕ್ಕೆ ಚಿಮುಕಿಸುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡು ಕೈಗಳನ್ನೂ ಇಟ್ಟು ಜನರ ಪಾಪಗಳನ್ನೆಲ್ಲ ಅರಿಕೆ ಮಾಡಿ, ಅಡವಿಗೆ ಅಟ್ಟಿಸುತ್ತಾನೆ. ಪಾಪಗಳನ್ನು ಹೊತ್ತ ಹೋತವನ್ನು ಯಜ್ಞವೇದಿಯ ಹತ್ತಿರ ಕೊಯ್ಯುವುದಿಲ್ಲ. ಕೊಯ್ದ ಹೋತದ ತಲೆಯ ಮೇಲೆ ಪಾಪಗಳನ್ನು ಹೊರಿಸುವುದಿಲ್ಲ.

ಹಾಗಾದರೆ ರಕ್ತ ಏನು ಮಾಡುತ್ತದೆ? ಅದೇ ಅಧ್ಯಾಯದ ಹದಿನಾರನೆಯ ವಚನದ ಪ್ರಕಾರ ಜನರ ಅಶುದ್ಧತೆಗಳಿಂದ ಮಲಿನವಾದ ಪವಿತ್ರಸ್ಥಾನಕ್ಕೆ ಪರಿಹಾರ ಮಾಡುತ್ತದೆ. ಕಳೆದ ಶತಮಾನದ ಯೆಹೂದಿ ವಿದ್ವಾಂಸ ಜೇಕಬ್ ಮಿಲ್ಗ್ರೋಮ್ ಇದನ್ನೇ ಕೇಂದ್ರವಾಗಿಟ್ಟುಕೊಂಡು, ಈ ಯಜ್ಞ ಮೂಲತಃ ದೇವರ ವಾಸಸ್ಥಾನವನ್ನು ಶುದ್ಧಿಗೊಳಿಸುವ ಕ್ರಿಯೆ ಎಂದು ವಾದಿಸಿದರು. ಎಲ್ಲ ವಿದ್ವಾಂಸರೂ ಅವರನ್ನು ಪೂರ್ತಿ ಒಪ್ಪುವುದಿಲ್ಲ, ಆದರೆ ನಾಲ್ಕನೆಯ ಅಧ್ಯಾಯ ಅವರ ಪರವಾಗಿಯೇ ನಿಲ್ಲುತ್ತದೆಂದು ನನಗೆ ತೋರುತ್ತದೆ. ಸಾಮಾನ್ಯನೋ ಅಧಿಪತಿಯೋ ತಪ್ಪಿದರೆ ರಕ್ತವನ್ನು ಅಂಗಳದ ಯಜ್ಞವೇದಿಯ ಕೊಂಬುಗಳಿಗೆ ಹಚ್ಚಿದರೆ ಸಾಕು. ಅಭಿಷೇಕ ಪಡೆದ ಯಾಜಕ ತಪ್ಪಿದರೆ, ಅಥವಾ ಇಡೀ ಸಮೂಹ ತಪ್ಪಿದರೆ, ರಕ್ತ ಗುಡಾರದ ಒಳಗೆ ಪರದೆಯವರೆಗೂ ಹೋಗಬೇಕು. ತಪ್ಪಿದವನ ಸ್ಥಾನ ಎತ್ತರವಾದಷ್ಟೂ ಹೊಲಸು ಒಳಕ್ಕೆ ಇಳಿದಿರುತ್ತದೆ. ಸಭಾಪಾಲಕರ ತಪ್ಪನ್ನು ಸಭೆಯ ಮರ್ಯಾದೆ ಉಳಿಸಲೆಂದು ಮುಚ್ಚಿಡುವವರು ಈ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕು.

ಪ್ರತಿನಿಧಿಯಾಗಿ ಇನ್ನೊಬ್ಬರಿಗಾಗಿ ಜೀವ ಕೊಡುವ ವಿಚಾರವೇ ಬೈಬಲಿನಲ್ಲಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ಯೆಶಾಯ 53ರಲ್ಲಿ ದೇವರ ಸೇವಕ ಬಹುಜನರ ಪಾಪವನ್ನು ಹೊರುತ್ತಾನೆ, ಹೊಸ ಒಡಂಬಡಿಕೆ ಆ ಅಧ್ಯಾಯವನ್ನು ಯೇಸುವಿನಲ್ಲಿ ಕಾಣುತ್ತದೆ. ಆದರೆ ಯಾಜಕಕಾಂಡದ ಯಜ್ಞವೇದಿ ಹಿಂಸೆ ಕೊಡುವ ಜಾಗವಲ್ಲ. ಪಶುವಿನ ಸಂಕಟಕ್ಕೆ ಅಲ್ಲಿ ಬೆಲೆಯಿಲ್ಲ. ಬೆಲೆಯಿರುವುದು ಜೀವಕ್ಕೆ, ಶುದ್ಧಿಗೆ, ಹತ್ತಿರ ಬರುವುದಕ್ಕೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಇದರ ಮೇಲೆ ಪ್ರಸಂಗ ಕೇಳಿದವರು ಅಪರೂಪ. ಆರನೆಯ ಅಧ್ಯಾಯದ ಮೊದಲ ಏಳು ವಚನಗಳಲ್ಲಿ ಪ್ರಾಯಶ್ಚಿತ್ತ ಯಜ್ಞದ ಒಂದು ಸಂದರ್ಭ ಬರುತ್ತದೆ. ಒಬ್ಬನು ತನ್ನ ವಶಕ್ಕೆ ಕೊಟ್ಟದ್ದನ್ನು ಹಿಂದಿರುಗಿಸದೆ ಇಟ್ಟುಕೊಂಡಿದ್ದಾನೆ, ಅಥವಾ ನೆರೆಯವನನ್ನು ದೋಚಿದ್ದಾನೆ, ಬಲಾತ್ಕಾರದಿಂದ ಕಿತ್ತುಕೊಂಡಿದ್ದಾನೆ, ಕಳೆದುಹೋದ ವಸ್ತು ಸಿಕ್ಕರೂ ಸಿಕ್ಕಿಲ್ಲವೆಂದು ಆಣೆಯಿಟ್ಟಿದ್ದಾನೆ. ಅವನು ಮೊದಲು ಆ ವಸ್ತುವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಅದರ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಬೇಕು. ಅದೂ ಕಾಣಿಕೆ ಪೆಟ್ಟಿಗೆಗಲ್ಲ, ಕಳೆದುಕೊಂಡವನ ಕೈಗೆ. ಆಮೇಲೆ ಟಗರು ತರಬೇಕು. ಅರಣ್ಯಕಾಂಡ 5 ಇದಕ್ಕೆ ಬಾಯಿಬಿಟ್ಟು ಅರಿಕೆ ಮಾಡುವುದನ್ನೂ ಸೇರಿಸುತ್ತದೆ.

ಯೇಸು ಪರ್ವತಪ್ರಸಂಗದಲ್ಲಿ ಹೇಳುವುದು ಇದೇ ಕ್ರಮವನ್ನು. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆಯೆಂದು ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು. ಈ ಮಾತನ್ನು ಕೇಳುತ್ತಿದ್ದವರು ಗಲಿಲಾಯದವರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವಿನ ದಾರಿ ನೂರು ಕಿಲೋಮೀಟರಿಗೂ ಹೆಚ್ಚು, ಕಾಲ್ನಡಿಗೆಯಲ್ಲಿ ಕೆಲವು ದಿನಗಳ ಪ್ರಯಾಣ. ಪಶುವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋಗಿ, ಜಗಳ ಬಗೆಹರಿಸಿ, ಮತ್ತೆ ಅಷ್ಟು ದೂರ ನಡೆದು ಬಾ ಎಂದರೆ ಕೇಳಿದವರು ಬೆಚ್ಚಿರಬೇಕು. ಮೋಸದಿಂದ ವಸೂಲಿ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಯೇಸುವಿನ ಮುಂದೆ ಹೇಳಿದ ಸುಂಕದವನಾದ ಜಕ್ಕಾಯನದ್ದು ಇನ್ನೂ ಸ್ವಾರಸ್ಯ. ತಾನಾಗಿ ಒಪ್ಪಿಕೊಂಡವನು ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು. ಕುರಿಯನ್ನು ಕದ್ದು ಕೊಯ್ದು ಅಥವಾ ಮಾರಿ ಸಿಕ್ಕಿಬಿದ್ದ ಕಳ್ಳ ಒಂದಕ್ಕೆ ನಾಲ್ಕು ಕೊಡಬೇಕು ಎನ್ನುತ್ತದೆ ವಿಮೋಚನಕಾಂಡ 22. ಜಕ್ಕಾಯನು ಯಾರೂ ಕೇಳದೆಯೇ ಎರಡನೆಯ ದಂಡವನ್ನು ತನಗೆ ವಿಧಿಸಿಕೊಳ್ಳುತ್ತಾನೆ.

ನಿಮ್ಮ ಪ್ರಾರ್ಥನಾ ಜೀವನಕ್ಕೆ ಇದರಿಂದ ಏನು ಎಂದು ಕೇಳಿದರೆ, ಅರಿಕೆಯ ಪ್ರಾರ್ಥನೆ ಕಣ್ಣೀರಿನಲ್ಲಿ ಮುಗಿಯುವುದಲ್ಲ ಎಂದು ಹೇಳುತ್ತೇನೆ. ಮನೆಗೆಲಸದವಳಿಗೆ ಹಿಡಿದಿಟ್ಟ ಸಂಬಳ, ಬಾಡಿಗೆದಾರನಿಗೆ ನೆಪ ಹೇಳಿ ಕೊಡದೆ ಉಳಿಸಿಕೊಂಡ ಮುಂಗಡ, ಅಣ್ಣತಮ್ಮಂದಿರ ಪಾಲಿನಲ್ಲಿ ಒತ್ತಿಕೊಂಡ ಜಮೀನು, ಇವು ಹಾಗೆಯೇ ಇರುವಾಗ ಉಪವಾಸ ಪ್ರಾರ್ಥನೆಗೆ ಕುಳಿತರೆ ಯಾಜಕಕಾಂಡದ ಯಾಜಕ ನಿಮ್ಮ ಟಗರನ್ನು ಹಿಡಿದುಕೊಂಡು ಹಿಂದಕ್ಕೆ ಕಳುಹಿಸುತ್ತಿದ್ದ.

ಏಳನೆಯ ಅಧ್ಯಾಯದಲ್ಲಿ ಕೃತಜ್ಞತೆಯ ಸಮಾಧಾನಯಜ್ಞವಿದೆ. ರೋಗದಿಂದಲೋ ಅಪಾಯದಿಂದಲೋ ಪಾರಾದವನು ಸ್ತೋತ್ರಕ್ಕಾಗಿ ತರುವ ಅರ್ಪಣೆ ಅದು. ಅದರ ಜೊತೆ ಹುಳಿಯಿಲ್ಲದ ರೊಟ್ಟಿಗಳೂ ಹುಳಿಬಂದ ರೊಟ್ಟಿಗಳೂ ಬರಬೇಕು. ಒಂದು ವಿಚಿತ್ರ ನಿಯಮವಿದೆ: ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಉಳಿಸಬಾರದು. ಹರಕೆಯ ಅಥವಾ ಸ್ವಇಚ್ಛೆಯ ಅರ್ಪಣೆಗೆ ಮರುದಿನದ ಅವಕಾಶವಿದೆ, ಕೃತಜ್ಞತೆಯದ್ದಕ್ಕೆ ಅದೂ ಇಲ್ಲ. ಒಂದು ಹೋರಿಯನ್ನೋ ಕುರಿಯನ್ನೋ ಒಂದೇ ಮನೆಯವರು ಒಂದೇ ದಿನದಲ್ಲಿ ಹೇಗೆ ತಿನ್ನಬೇಕು? ತಿನ್ನಲಾಗುವುದಿಲ್ಲ. ನೆರೆಯವರನ್ನು ಕರೆಯಲೇಬೇಕು. ಯಾರನ್ನು ಕೂರಿಸಿಕೊಳ್ಳಬೇಕೆಂದು ಧರ್ಮೋಪದೇಶಕಾಂಡ 12 ಹೇಳುತ್ತದೆ: ಗಂಡುಮಕ್ಕಳು, ಹೆಣ್ಣುಮಕ್ಕಳು, ದಾಸದಾಸಿಯರು, ದೇವಸೇವೆಯ ಕುಲದವನಾದ, ಸ್ವಂತ ಭೂಮಿಯಿಲ್ಲದ ಲೇವಿಯನು. ಮದುವೆಯ ಮರುದಿನ ಉಳಿದ ಅಡುಗೆಯನ್ನು ಕೇರಿಗೆಲ್ಲ ಹಂಚುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ, ಆದರೆ ಇಲ್ಲಿ ಹಂಚುವುದು ಉಳಿದದ್ದನ್ನಲ್ಲ. ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುತ್ತಾ ಎಲ್ಲರ ಜೊತೆ ಉಣ್ಣುವುದೇ ಈ ಬಲಿ. 116ನೆಯ ಕೀರ್ತನೆಯನ್ನು ಈ ಊಟದ ನಡುವೆ ಕುಳಿತವನ ಬಾಯಿಂದ ಬಂದದ್ದೆಂದು ಕಲ್ಪಿಸಿಕೊಂಡು ಓದಿ. ರಕ್ಷಣೆಯ ಪಾತ್ರೆಯನ್ನು ಎತ್ತುತ್ತೇನೆ, ಕೃತಜ್ಞತಾಯಜ್ಞವನ್ನು ಅರ್ಪಿಸುತ್ತೇನೆ, ಎಲ್ಲ ಜನರ ಎದುರಿಗೆ ಹರಕೆ ಸಲ್ಲಿಸುತ್ತೇನೆ ಎಂಬ ಮಾತುಗಳು ಆಗ ಬೇರೆಯಾಗಿಯೇ ಕೇಳಿಸುತ್ತವೆ.

ಕ್ರೈಸ್ತ ಆರಾಧನೆಯ ನಡುವೆ ಒಂದು ಊಟ ಇರುವುದು ಆಕಸ್ಮಿಕವಲ್ಲ. ಅದನ್ನು ಕಥೋಲಿಕರು ಬಲಿಪೂಜೆ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಕರ್ತನ ಭೋಜನ ಎನ್ನುತ್ತಾರೆ, ಈ ಎರಡು ಹೆಸರುಗಳ ಹಿಂದೆ ಹದಿನಾರನೆಯ ಶತಮಾನದ ದೊಡ್ಡ ಜಗಳವಿದೆ. ಶಿಲುಬೆಯ ಅದೇ ಬಲಿ ಇಲ್ಲಿ ರಕ್ತರಹಿತವಾಗಿ ಅರ್ಪಿತವಾಗುತ್ತದೆ ಎಂದು ಕಥೋಲಿಕರ ಟ್ರೆಂಟ್ ಮಹಾಸಭೆ 1562ರಲ್ಲಿ ಹೇಳಿತು. ಒಂದೇ ಸಾರಿ ನಡೆದದ್ದಕ್ಕೆ ಏನನ್ನೂ ಸೇರಿಸಲಾಗದು ಎಂದು ಪ್ರೊಟೆಸ್ಟೆಂಟ್ ಸುಧಾರಕರು ಪಟ್ಟುಹಿಡಿದರು. ನನಗೆ ಕೊರಿಂಥದ ಸಭೆಯ ಪ್ರಕರಣ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಗದರಿಸಿದ. ಹಂಚಿಕೊಳ್ಳದೆ ಉಳಿಸಿಕೊಂಡ ಸಮಾಧಾನಯಜ್ಞದ ಮಾಂಸ ಮೂರನೆಯ ದಿನಕ್ಕೆ ಹೇಯವಾಗುತ್ತದೆಂದು ಓದಿ ಬೆಳೆದವನಿಗೆ ಹಾಗೆ ಗದರಿಸುವುದು ಸಹಜ.

ಪ್ರವಾದಿಗಳು ಬಲಿಗಳನ್ನು ಖಂಡಿಸಲಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಖಂಡಿಸಿದರು, ದಬ್ಬಾಳಿಕೆ ಮಾಡುವವರ ಬಲಿಗಳನ್ನು. ಆದರೆ ಆಮೋಸ 5ರಲ್ಲಿ ಯಜ್ಞಗಳ ಜೊತೆಗೆ ಹಾಡುಗಳೂ ವೀಣಾನಾದವೂ ಬೇಡವಾಗಿವೆ, ಯೆಶಾಯ 1ರಲ್ಲಿ ಪ್ರಾರ್ಥನೆಗಳೂ ಬೇಡವಾಗಿವೆ. ಆ ವಚನಗಳನ್ನು ಹಿಡಿದು ಯಾವ ಸಭೆಯೂ ಕೀಬೋರ್ಡ್ ಮಾರಿದ್ದನ್ನು ನಾನು ಕಂಡಿಲ್ಲ. ಮೊದಲ ವಿಶ್ವಾಸಿಗಳೂ ದೇವಾಲಯವನ್ನು ತೊರೆದವರಲ್ಲ. ಪೇತ್ರ ಮತ್ತು ಯೋಹಾನರು ಅಪೊಸ್ತಲರ ಕೃತ್ಯಗಳು 3ರಲ್ಲಿ ದೇವಾಲಯಕ್ಕೆ ಹೊರಡುವುದು ಮಧ್ಯಾಹ್ನ ಮೂರು ಗಂಟೆಗೆ, ದಿನದ ಎರಡನೆಯ ಕುರಿಮರಿಯನ್ನು ಅರ್ಪಿಸುವ ಹೊತ್ತಿಗೆ. ಶಿಲುಬೆಯಾಗಿ ಎರಡು ದಶಕಗಳು ಕಳೆದ ಮೇಲೂ ಪೌಲ ಹರಕೆ ಹೊತ್ತ ನಾಲ್ವರ ಬಲಿಗಳ ಖರ್ಚನ್ನು ವಹಿಸಿಕೊಂಡು ದೇವಾಲಯಕ್ಕೆ ಹೋಗುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದಾಗ ಯೆಹೂದ್ಯರೂ ಯೇಸುವಿನ ಶಿಷ್ಯರೂ ಒಂದೇ ಪ್ರಶ್ನೆಯ ಮುಂದೆ ನಿಂತರು. ಬಲಿಗಿಂತ ಕರುಣೆಯೇ ಬೇಕು ಎಂಬ ಹೋಶೇಯನ ವಚನಕ್ಕೆ ಎರಡೂ ಕಡೆಯವರು ಹೋದರು. ಯೆಹೂದಿ ಪರಂಪರೆಯಲ್ಲಿ ಆ ಮಾತನ್ನು ಗುರು ಯೋಹಾನಾನ್ ಬೆನ್ ಜಕ್ಕಾಯ್ ಎತ್ತಿಹಿಡಿದರೆಂದು ಹೇಳುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಅದನ್ನು ಎರಡು ಸಲ ಹೇಳುತ್ತಾನೆ. ಹಾಗಾಗಿ ಯೆಹೂದ್ಯರದ್ದು ಬರೀ ಆಚಾರ, ನಮ್ಮದು ಆತ್ಮೀಯತೆ ಎಂಬ ಹಗುರ ಮಾತನ್ನು ದಯವಿಟ್ಟು ಆಡಬೇಡಿ.

ಎಲ್ಲ ಮುಗಿದಿದೆ ಎನ್ನುವವರ ಕೈಯಲ್ಲಿರುವುದು ಇಬ್ರಿಯರಿಗೆ ಬರೆದ ಪತ್ರಿಕೆ. ಹೋರಿ ಹೋತಗಳ ರಕ್ತ ಪಾಪಗಳನ್ನು ತೆಗೆದುಹಾಕಲಾರದು, ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿಕೊಂಡನು ಎಂದು ಅದು ಹೇಳುವುದು ನಿಜ, ನಾನೂ ಅದನ್ನು ನಂಬುತ್ತೇನೆ. ಆದರೆ ಪತ್ರಿಕೆ ಅಲ್ಲಿಗೆ ನಿಲ್ಲುವುದಿಲ್ಲ. ಪರದೆ ತೆರೆದಿದೆ, ಆದ್ದರಿಂದ ಹತ್ತಿರ ಬನ್ನಿ ಎನ್ನುತ್ತದೆ. ಕೊನೆಯ ಅಧ್ಯಾಯದಲ್ಲಿ, ರಕ್ತವನ್ನು ಒಳಗೆ ಒಯ್ದ ಪಶುಗಳ ದೇಹವನ್ನು ಪಾಳೆಯದ ಹೊರಗೆ ಸುಡುತ್ತಿದ್ದರು, ಯೇಸುವೂ ಊರಬಾಗಿಲಿನ ಹೊರಗೆ ಸತ್ತನು, ನಾವೂ ಆತನ ಬಳಿಗೆ ಹೊರಗೆ ಹೋಗೋಣ ಎಂದು ಕರೆಯುತ್ತದೆ. ಅದರ ಹಿಂದೆಯೇ ಇನ್ನೂ ಉಳಿದಿರುವ ಎರಡು ಬಲಿಗಳನ್ನು ಹೆಸರಿಸುತ್ತದೆ: ತುಟಿಗಳ ಸ್ತೋತ್ರ, ಮತ್ತು ಉಪಕಾರ ಮಾಡಿ ಹಂಚಿಕೊಳ್ಳುವುದು.

ಇನ್ನು ತಾಳಿಕೊಳ್ಳುವ ವಿಷಯ. ಇದನ್ನು ನೇರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದು ಸುಮ್ಮನೆ ಬಂದಂತೆ ಕಾಣಲಿಲ್ಲ. ಹೊಡೆತ, ಅವಮಾನಗಳನ್ನು ಸಹಿಸಿಕೊಳ್ಳುವುದೇ ನಿನ್ನ ಬಲಿ ಎಂದು ಹೆಣ್ಣುಮಕ್ಕಳಿಗೆ ಹೇಳುವವರಿಗೆ ಯಾಜಕಕಾಂಡದಲ್ಲಿ ಆಧಾರವಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಬಲಿ ಕೊಡುವುದನ್ನು ಆ ಪುಸ್ತಕ ಎರಡು ಕಡೆ ನಿಷೇಧಿಸುತ್ತದೆ, ಅದು ನನ್ನ ಮನಸ್ಸಿಗೂ ಬಂದದ್ದಲ್ಲ ಎಂದು ಯೆರೆಮೀಯನ ಬಾಯಲ್ಲಿ ದೇವರು ಹೇಳುತ್ತಾನೆ. ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಿರಿ ಎಂದು ಪೌಲ ರೋಮಾಪುರದವರಿಗೆ ಬರೆದದ್ದು ಇಡೀ ಸಭೆಗೆ, ಗಂಡಸರನ್ನೂ ಸೇರಿಸಿ. ಅರ್ಪಿಸಿಕೊಳ್ಳುವುದು ತನ್ನನ್ನು ತಾನು, ದೇವರಿಗೆ. ಗಂಡನ ಕೋಪಕ್ಕಲ್ಲ. ಅಂಥ ಪರಿಸ್ಥಿತಿ ನಿಮ್ಮದೋ ನಿಮಗೆ ತಿಳಿದವರದ್ದೋ ಆಗಿದ್ದರೆ ಪ್ರಾರ್ಥನಾ ಕೂಟದ ಸಲಹೆಗೆ ಕಾಯಬೇಡಿ. ನಂಬಿಕೆಯ ಬಂಧುಗಳ ಮನೆಗೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ನೂರ್ಮಡಿ ಮರಳುವ ಮಾತು ಮಾರ್ಕ 10ರದ್ದು. ಅಲ್ಲಿ ಯೇಸು ನೂರರಷ್ಟು ಮನೆಗಳು, ಅಣ್ಣತಮ್ಮಂದಿರು, ತಾಯಂದಿರು ಎಂದು ಎಣಿಸಿ ಜೊತೆಗೆ ಹಿಂಸೆಗಳನ್ನೂ ಸೇರಿಸುತ್ತಾನೆ. ಕಾಣಿಕೆ ಎತ್ತುವವರು ಆ ಕೊನೆಯ ಪದಕ್ಕೆ ಬರುವಷ್ಟರಲ್ಲಿ ತಟ್ಟೆ ಸುತ್ತು ಮುಗಿಸಿರುತ್ತದೆ. ಇಸ್ರಾಯೇಲಿನಲ್ಲಿ ಹರಕೆಯನ್ನು ಸಲ್ಲಿಸುತ್ತಿದ್ದದ್ದು ದೇವರ ಉಪಕಾರ ಬಂದ ಮೇಲೆ, ಸ್ತೋತ್ರವಾಗಿ. ಮುಂದೆ ಬರಲಿರುವುದಕ್ಕೆ ಹಾಕುವ ಬಂಡವಾಳವಾಗಿ ಅಲ್ಲ. ಕೊಡುವವನನ್ನು ಹಿಂಡುವುದೂ ಅಲ್ಲಿ ಇರಲಿಲ್ಲ. ದೋಷಪರಿಹಾರಕ್ಕೆ ಕುರಿ ತರಲಾಗದವನು ಎರಡು ಪಾರಿವಾಳ ತರಬಹುದು, ಅದೂ ಆಗದವನು ಸುಮಾರು ಎರಡು ಲೀಟರಿನಷ್ಟು ಹಿಟ್ಟು ತರಬಹುದು, ರಕ್ತವೇ ಇಲ್ಲದೆ, ಎಂದು ಐದನೆಯ ಅಧ್ಯಾಯ ಹೇಳುತ್ತದೆ. ಕ್ಷಮೆಯಲ್ಲಿ ಮಾತ್ರ ಕಡಿಮೆಯಿಲ್ಲ, ಮೂವರಿಗೂ ಅದೇ ಕ್ಷಮೆ. ಹೆರಿಗೆಯ ನಂತರದ ಶುದ್ಧೀಕರಣಕ್ಕೂ ಅಂಥದ್ದೇ ರಿಯಾಯಿತಿ ಇತ್ತು. ಮರಿಯಳು ಮತ್ತು ಯೋಸೇಫರು ಮಗು ಯೇಸುವನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದಾಗ ಕೊಟ್ಟದ್ದು ಬಡವರ ಹಕ್ಕಿಗಳ ಜೋಡಿಯನ್ನೇ.

ಓದನ್ನು ಮತ್ತೆ ಆರಂಭಿಸುವುದಾದರೆ ಮೊದಲ ಅಧ್ಯಾಯದಿಂದ ಬೇಡ. ಏಳನೆಯದನ್ನು ಮೊದಲು ಓದಿ, ನಂತರ ಆರನೆಯದರ ಮೊದಲ ಏಳು ವಚನಗಳು, ಆಮೇಲೆ ಹದಿನಾರನೆಯದು, ಅದರ ಬೆನ್ನಿಗೆ ಇಬ್ರಿಯ 13. ಆಮೇಲೆ ಒಂದರಿಂದ ಐದನ್ನು ಓದಿದರೆ ಮೂತ್ರಪಿಂಡ, ಬೂದಿಗಳು ಅಷ್ಟು ತೊಂದರೆ ಕೊಡಲಾರವು. ಚರ್ಮರೋಗ ಮತ್ತು ಗೋಡೆಯ ಬೂಷ್ಟಿನ ಅಧ್ಯಾಯಗಳಲ್ಲಿ ಮತ್ತೆ ನಿಂತುಹೋದರೆ ಇನ್ನೊಮ್ಮೆ ಬರೆಯಿರಿ. ಅದಕ್ಕೆ ಬೇರೆಯೇ ಉತ್ತರ ಬೇಕಾಗುತ್ತದೆ.